ಹಿಂದಿನ ಬ್ರೇಕ್ ಪಿಸ್ಟನ್ ಒತ್ತಬೇಡಿ, ತಿರುಗಿಸಿ

ಶಿವಮೊಗ್ಗದ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿ ಆಗಿನ್ನೂ ಎರಡನೇ ವರ್ಷ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರ ಕಾರು ಬಂದಿತ್ತು. ಹಿಂದಿನ ಚಕ್ರದಲ್ಲಿ ಕರಕರ ಸದ್ದು. ಮುಂದಿನ ಪ್ಯಾಡ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಎಷ್ಟೋ ಸಲ ಬದಲಿಸಿದ್ದೆ, ಇದೂ ಅಷ್ಟೇ ಅಂದುಕೊಂಡೆ. ಪ್ಯಾಡ್ ಕೂರುವ ಕ್ಯಾಲಿಪರ್ ಬಿಚ್ಚಿ, ದಪ್ಪಗಿನ ಹೊಸ ಪ್ಯಾಡ್‌ಗೆ ಜಾಗ ಆಗಲೆಂದು, ಪ್ಯಾಡನ್ನು ತಳ್ಳುವ ಪಿಸ್ಟನ್ನಿಗೆ ಸಿ ಕ್ಲಾಂಪ್ ಹಾಕಿ ಒಳಕ್ಕೆ ಒತ್ತಿದೆ. ಹೋಗಲಿಲ್ಲ. ಇನ್ನೂ ಬಿಗಿ ಮಾಡಿದೆ. ಒಳಗೆ ಟಕ್ ಅಂತು. ಆಮೇಲೆ ಆ ಕಡೆ ಹ್ಯಾಂಡ್‌ಬ್ರೇಕ್ ಹಿಡಿಯಲೇ ಇಲ್ಲ. ಕ್ಯಾಲಿಪರ್ ಹೊಸದೇ ತರಿಸಬೇಕಾಯಿತು.

ಮೇಸ್ತ್ರಿ ಬೈಯಲಿಲ್ಲ. ಹಾಳಾದ ಕ್ಯಾಲಿಪರ್ ಬಿಚ್ಚಿ ನನ್ನ ಮುಂದಿಟ್ಟರು. "ನೋಡೋ, ಒಳಗೆ ಸ್ಕ್ರೂ ಇದೆ. ಇವರ ಮನೆ ಇಳಿಜಾರಲ್ಲಿದೆ. ಹ್ಯಾಂಡ್‌ಬ್ರೇಕ್ ನಿಲ್ಲದಿದ್ದರೆ ಕಾರು ಎಲ್ಲಿಗೆ ಹೋಗುತ್ತೆ ಹೇಳು" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಹಿಂದೆ ಡಿಸ್ಕ್ ಇರುವ ಬಹಳಷ್ಟು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಕೂಡ ಅದೇ ಪಿಸ್ಟನ್ ಮೂಲಕ ಕೆಲಸ ಮಾಡುತ್ತದೆ. ಪ್ಯಾಡ್ ಸವೆದಂತೆ ಒಳಗಿನ ಸ್ಕ್ರೂ ಪಿಸ್ಟನ್ನನ್ನು ಮುಂದೆ ತರುತ್ತಾ ಹೋಗುತ್ತದೆ. ವಾಪಸ್ ಕಳಿಸಲು ತಿರುಗಿಸುತ್ತಲೇ ಒತ್ತಬೇಕು. ಗುರುತು ಸುಲಭ: ಪಿಸ್ಟನ್ ಮುಖದ ಮೇಲೆ ಕಚ್ಚುಗಳು ಇದ್ದರೆ ಅದು ತಿರುಗಿಸುವಂಥದ್ದು. ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ. ಕೆಲವು ಕಾರುಗಳಲ್ಲಿ ಒಂದು ಕಡೆಯದು ಉಲ್ಟಾ ಇರುತ್ತದೆ. ಗಟ್ಟಿ ಅನಿಸಿದರೆ ಜೋರು ಮಾಡದೆ ನಿಲ್ಲಿಸಿ, ದಿಕ್ಕು ನೋಡಿಕೊಳ್ಳಿ. ಕೊನೆಗೆ ಪ್ಯಾಡ್ ಬೆನ್ನಿನ ಚಿಕ್ಕ ಉಬ್ಬು ಪಿಸ್ಟನ್ನಿನ ಕಚ್ಚಿನೊಳಗೆ ಕೂರಬೇಕು. ಕೂರದಿದ್ದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ. ಸ್ವಿಚ್ ಒತ್ತಿದರೆ ಬೀಳುವ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಮಾತ್ರ ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು, ಆಗ ಅದರ ಮೋಟರ್ ಪಿಸ್ಟನ್ನನ್ನು ಬಿಡುತ್ತದೆ. ಅದಕ್ಕೆ ಹೆಚ್ಚಾಗಿ ಕಾರಿಗೆ ಜೋಡಿಸುವ ಸ್ಕ್ಯಾನರ್ ಬೇಕು.

ಈ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಅಂದರೆ ಕಾರನ್ನು ತಡೆಯಲು ಏನೂ ಇಲ್ಲ, ಅಲ್ವಾ? ಸಮತಟ್ಟು ಜಾಗ, ಮುಂದಿನ ಚಕ್ರಗಳ ಎರಡೂ ಕಡೆ ಮರದ ತುಂಡು, ಜಾಕ್ ಜೊತೆಗೆ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಕ್ಯಾಲಿಪರ್ ಪೈಪಿನಲ್ಲಿ ನೇತಾಡದಂತೆ ತಂತಿಯಲ್ಲಿ ಕಟ್ಟಿ.

ನಮ್ಮ ಮಲೆನಾಡಿನ ಮಳೆ, ಕೆಂಪು ಕೆಸರು ಸೇರಿ ಕ್ಯಾಲಿಪರ್ ಹಿಂದೆ ಮುಂದೆ ಜಾರುವ ಸ್ಲೈಡ್ ಪಿನ್ ಹಿಡಿದುಕೊಳ್ಳುವುದು ಜಾಸ್ತಿ. ಹಾಗಾದಾಗ ಒಳಗಿನ ಪ್ಯಾಡ್ ಬೇಗ ಮುಗಿಯುತ್ತದೆ, ಹೊರಗಿನದು ದಪ್ಪಗೇ ಇರುತ್ತದೆ. ಹೊರಗಿಂದ ಇಣುಕಿ ಪರವಾಗಿಲ್ಲ ಅಂದುಕೊಳ್ಳಬೇಡಿ. ಪಿನ್ ತೊಳೆದು, ಬ್ರೇಕ್‌ಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಾಕಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ.

ಮುಗಿದ ಮೇಲೆ, ಕಾರು ಅಲುಗಾಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಹೊಸ ಪ್ಯಾಡ್ ಹಾಕಿದ ದಿನವೇ ಆಗುಂಬೆಯ 14 ತಿರುವು ಇಳಿಯಲು ಹೋಗಬೇಡಿ. ಒಂದಷ್ಟು ದಿನ ಮೆಲ್ಲಗೆ ಓಡಿಸಿ, ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ.

ಮೊನ್ನೆ ಹೊಸನಗರದ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಪಿಸ್ಟನ್ ಒಳಗೇ ಹೋಗ್ತಿಲ್ಲ, ಇನ್ನೂ ಬಿಗಿ ಮಾಡ್ಲಾ?" "ಕ್ಲಾಂಪ್ ಬಿಡು ಮಾರಾಯ, ಮುಖದ ಫೋಟೋ ಕಳಿಸು" ಅಂದೆ. ಎರಡು ಕಚ್ಚು ಕಾಣಿಸಿತು. ಭಾನುವಾರ ಬಂದು ಪಿಸ್ಟನ್ ತಿರುಗಿಸುವ ನನ್ನ ಟೂಲ್ ತೆಗೆದುಕೊಂಡು ಹೋದ. ಸಂಜೆ ಮತ್ತೆ ಫೋನ್ ಬಂತು: ಮನೆ ಮುಂದಿನ ಏರಿನಲ್ಲಿ ಕಾರು ನಿಂತಿದೆಯಂತೆ, ಹ್ಯಾಂಡ್‌ಬ್ರೇಕ್ ಒಂದರ ಮೇಲೇ.