ನೆಲನೆಲ್ಲಿ ಮತ್ತು 36 ಇಲಿಗಳು

ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಕಾಲೇಜು, ಕಂಪನಿ ಯಾವುದೇ ಇರಲಿ, ಒಂದು ಎಥಿಕ್ಸ್ ಕಮಿಟಿ ಇಟ್ಟುಕೊಳ್ಳಲೇಬೇಕು. ಅದರಲ್ಲಿ ವಿಜ್ಞಾನಿಗಳಿರುತ್ತಾರೆ, ಪಶುವೈದ್ಯರೊಬ್ಬರು ಇರುತ್ತಾರೆ. ಜೊತೆಗೆ ವಿಜ್ಞಾನದ ಗಂಧಗಾಳಿ ಇಲ್ಲದ ಒಬ್ಬ ಮಾಮೂಲಿ ಮನುಷ್ಯನೂ ಇರಬೇಕು ಅಂತ ನಿಯಮ. ಆ ಮಾಮೂಲಿ ಮನುಷ್ಯ ನಾನು. ಓದಿದ್ದು ಬಿ.ಕಾಂ. ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಮಿತಿ ಸಿಸಿಎಸ್‌ಇಎ ನನ್ನನ್ನು ಒಂದು ಫಾರ್ಮಸಿ ಕಾಲೇಜಿನ ಕಮಿಟಿಗೆ ಹಾಕಿತ್ತು. ಕಾಲೇಜಿನ ಹೆಸರು ಬೇಡ. ಇಂಥ ಕಾಲೇಜುಗಳು ಜಾಸ್ತಿ ಇವೆ, ಅಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಸಭೆಗೆ ಮೊದಲು ಅನಿಮಲ್ ಹೌಸ್ ತೋರಿಸಿದರು. ನಾನು ಗಲೀಜು ಇರುತ್ತೆ ಅಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ಎಸಿ, ಹೊತ್ತಿಗೆ ಸರಿಯಾಗಿ ಹತ್ತಿ ಆರುವ ದೀಪ, ಪಾಲಿಪ್ರೊಪಿಲೀನ್ ಪೆಟ್ಟಿಗೆಗಳು, ಒಳಗೆ ಭತ್ತದ ಹೊಟ್ಟು, ಮೇಲೆ ತಲೆಕೆಳಗಾಗಿ ಸಿಕ್ಕಿಸಿದ ನೀರಿನ ಬಾಟಲಿ. ಬಿಳಿ ಮೈ, ಕೆಂಪು ಕಣ್ಣಿನ ವಿಸ್ಟಾರ್ ಇಲಿಗಳು. ಕೆಲವಕ್ಕೆ ತಲೆ ಮೇಲೆ ಹಳದಿ ಮಚ್ಚೆ, ಕೆಲವಕ್ಕೆ ಬೆನ್ನ ಮೇಲೆ, ಕೆಲವಕ್ಕೆ ಬಾಲಕ್ಕೆ. ಯಾವುದು ಎಷ್ಟನೇ ನಂಬರು ಅಂತ ಗೊತ್ತಾಗಲು ಪಿಕ್ರಿಕ್ ಆಸಿಡ್ ಹಚ್ಚುತ್ತಾರಂತೆ. ನೋಡಿಕೊಳ್ಳುವ ಹುಡುಗ ಒಂದನ್ನು ಎತ್ತಿ ಅಂಗೈ ಮೇಲೆ ಕೂರಿಸಿಕೊಂಡ. ಅದು ಅವನ ತೋಳಿನ ಮೇಲೆ ಹತ್ತಿ, ಅಂಗಿಯ ಕೈಯೊಳಗೆ ಮೂತಿ ತೂರಿಸಿತು. ಅವನಿಗೆ ಅದು ಅಭ್ಯಾಸ, ಇಲಿಗೂ ಅಭ್ಯಾಸ.

ಆಮೇಲೆ ಸಭೆ. ಮೊದಲ ಅರ್ಜಿ ಎಂ.ಫಾರ್ಮ್ ಹುಡುಗಿಯೊಬ್ಬಳದು. ನೆಲನೆಲ್ಲಿಯ ಸಾರ ಲಿವರ್ ಕಾಪಾಡುತ್ತಾ ಅಂತ ನೋಡಬೇಕು. ಇಲಿಗಳಿಗೆ ವಿಪರೀತ ಪ್ಯಾರಾಸಿಟಮಾಲ್ ಕುಡಿಸಿ ಲಿವರ್ ಕೆಡಿಸುವುದು, ಸಾರ ಕೊಡುವುದು, ಅರಿವಳಿಕೆ ಕೊಟ್ಟು ಕಣ್ಣಿನ ಹಿಂದಿನಿಂದ ರಕ್ತ ತೆಗೆಯುವುದು, ಕೊನೆಗೆ ಕೊಂದು ಲಿವರ್ ತೆಗೆದು ನೋಡುವುದು. ಸಾರದ ಮೂರು ಡೋಸ್‌ಗೆ ಮೂರು ಗುಂಪು ಸೇರಿ ಆರು ಗುಂಪು, ಗುಂಪಿಗೆ ಆರು. ಒಟ್ಟು 36.

ಕಾಮಾಲೆಗೆ ನೆಲನೆಲ್ಲಿ ಅರೆದು ಕುಡಿಸುವುದು ನಮ್ಮಜ್ಜಿಗೂ ಗೊತ್ತಿತ್ತು. ಹಿಂದಿನ ರಾತ್ರಿ ಸುಮ್ನೆ ಇಂಟರ್‌ನೆಟ್‌ನಲ್ಲಿ ಹುಡುಕಿದ್ದೆ. ಇದೇ ಗಿಡ, ಇದೇ ಇಲಿ, ಇದೇ ಲಿವರ್. ಪೇಪರುಗಳ ಸಾಲು ಮುಗಿಯಲೇ ಇಲ್ಲ. ಅದನ್ನೇ ಕೇಳಿದೆ: ಇಷ್ಟೆಲ್ಲ ಆಗಿರುವಾಗ ಮತ್ತೆ ಯಾಕೆ?

ಹುಡುಗಿ ಗೈಡ್ ಮುಖ ನೋಡಿದಳು. ಗೈಡ್, "ನಮ್ಮದು ಮಲೆನಾಡಿನಿಂದ ತಂದ ಗಿಡ ಸರ್. ಮಣ್ಣು ಬೇರೆ, ಮಳೆ ಬೇರೆ, ಅಂಶಗಳೂ ಬೇರೆ ಇರಬಹುದು" ಅಂದರು. ಪಶುವೈದ್ಯರು ಕಾಫಿ ಲೋಟ ಕೆಳಗಿಟ್ಟು, "ಗಿಡ ಎಲ್ಲಿಯದಾದ್ರೂ ಇಲಿ ಸಾಯೋದು ಒಂದೇ ಥರ ಅಲ್ವಾ" ಅಂದರು. ಯಾರೂ ನಗಲಿಲ್ಲ.

ಇಲ್ಲಿ ನನ್ನ ನಿಲುವು ಹೇಳಿಬಿಡಬೇಕು. ಪ್ರಾಣಿ ಪ್ರಯೋಗವೇ ಬೇಡ ಅನ್ನುವವನಲ್ಲ ನಾನು. ಅನ್ನುವ ಹಕ್ಕೂ ನನಗಿಲ್ಲ. ನಮ್ಮಪ್ಪನಿಗೆ ಗದ್ದೆ ಬದುವಿನ ಮೇಲೆ ಕೊಳಕುಮಂಡಲ ಕಚ್ಚಿತ್ತು. ಕಾಲು ಊದಿ, ವಸಡಿನಲ್ಲಿ ರಕ್ತ ಬರುತ್ತಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದರ ಮೇಲೊಂದು ಸೀರಮ್ ಬಾಟಲಿ ಏರಿಸಿ ಉಳಿಸಿದರು. ಆ ಸೀರಮ್ ಬರುವುದು ಕುದುರೆಯ ರಕ್ತದಿಂದ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ ತಯಾರಿಸುತ್ತಾರೆ. 1 ಮಿ.ಲೀ. ಸೀರಮ್ 0.6 ಮಿ.ಗ್ರಾಂ ಕೊಳಕುಮಂಡಲದ ವಿಷವನ್ನು ತಡೆಯುತ್ತದೆ ಎಂಬ ಲೆಕ್ಕವಿದೆಯಲ್ಲ, ಅದು ಸಿಕ್ಕಿದ್ದು ಸಣ್ಣ ಇಲಿಗಳಿಂದ. ವಿಷ ಮತ್ತು ಸೀರಮ್ ಬೆರೆಸಿ ಚುಚ್ಚಿ, ಎಷ್ಟು ಸತ್ತವು, ಎಷ್ಟು ಉಳಿದವು ಅಂತ ಎಣಿಸುತ್ತಾರೆ. ಕ್ರೂರವೇ. ಆದರೆ ಆ ಎಣಿಕೆ ಇಲ್ಲದಿದ್ದರೆ ಬಾಟಲಿಯಲ್ಲಿ ಔಷಧ ಇದೆಯೋ ನೀರಿದೆಯೋ ಅಂತ ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಇಲಿ ಇಲ್ಲದೆ ಇದನ್ನು ಅಳೆಯುವ ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಸಿಗಲಿ. ಅಲ್ಲಿಯವರೆಗೆ ಅಪ್ಪನ ಕಾಲು ನೋಡಿದ ನಾನು ಅದನ್ನು ಬೇಡ ಅನ್ನಲಾರೆ.

ಆದರೆ ನೆಲನೆಲ್ಲಿ ಅರ್ಜಿಗೂ ಆ ಸೀರಮ್‌ಗೂ ಏನು ಸಂಬಂಧ? ಇದರಿಂದ ಔಷಧ ಬರುವುದಿಲ್ಲ ಅಂತ ಆ ಕೋಣೆಯಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಥೀಸಿಸ್ ಬರುತ್ತದೆ, ಬೈಂಡ್ ಆಗುತ್ತದೆ, ಲೈಬ್ರರಿಯಲ್ಲಿ ಧೂಳು ಹಿಡಿಯುತ್ತದೆ. ನನಗೆ ಸಿಟ್ಟು ಬಂದಿದ್ದು ಅಲ್ಲಿ. ಹುಡುಗಿಯ ಮೇಲಲ್ಲ. ಪಾಪ, ಅವಳಿಗೆ ಸೆಮಿಸ್ಟರ್ ಮುಗಿಯುವುದರೊಳಗೆ ಏನಾದರೂ ಒಂದು ಮಾಡಬೇಕಿತ್ತು.

"ಗುಂಪಿಗೆ ಆರೇ ಯಾಕೆ?" ಅಂತ ಕೇಳಿದೆ. "ಎಲ್ಲರೂ ಆರೇ ಹಾಕ್ತಾರೆ" ಅಂದಳು. ನಮ್ಮಲ್ಲಿ ಮುಯ್ಯಿ ಹಾಕುವುದು ಹೀಗೆ, ಪಕ್ಕದ ಮನೆಯವರು ಎಷ್ಟು ಹಾಕಿದರೋ ಅಷ್ಟು.

ಹೊರಗಿನಿಂದ ಬಂದಿದ್ದ ವಿಜ್ಞಾನಿ ಆಗ ಮಾತಾಡಿದರು. 1959ರಲ್ಲೇ ರಸೆಲ್ ಮತ್ತು ಬರ್ಚ್ ಅನ್ನುವ ಇಬ್ಬರು ಇಂಗ್ಲೆಂಡಿನಲ್ಲಿ ಹೇಳಿಟ್ಟ ಮೂರು ಸೂತ್ರ ಇದೆಯಂತೆ. ಪ್ರಾಣಿ ಇಲ್ಲದೆ ಆಗುವುದಾದರೆ ಹಾಗೇ ಮಾಡಿ, ಆಗದಿದ್ದರೆ ಸಂಖ್ಯೆ ಇಳಿಸಿ, ನೋವು ಕಡಿಮೆ ಮಾಡಿ. "ಮೊದಲು ಲ್ಯಾಬಿನಲ್ಲಿ ಬೆಳೆಸಿದ ಹೆಪ್‌ಜಿ2 ಲಿವರ್ ಜೀವಕೋಶಗಳ ಮೇಲೆ ನೋಡಮ್ಮ. ಅಲ್ಲಿ ಕೆಲಸ ಮಾಡಿದರೆ ಮಾತ್ರ ಇಲಿ ಹತ್ತಿರ ಹೋಗು. ಮೂರು ಡೋಸ್ ಬೇಡ, ಒಂದು ಸಾಕು. ಸಂಖ್ಯೆ ಲೆಕ್ಕ ಹಾಕಿ ತಾ" ಅಂದರು. ಗೈಡ್‌ಗೆ ಬೇಜಾರಾಯಿತು. ಜೀವಕೋಶಗಳನ್ನು ಬೆಳೆಸುವ ಸೌಲಭ್ಯ ಕಾಲೇಜಿನಲ್ಲಿ ಇಲ್ಲ, ಹೊರಗೆ ಮಾಡಿಸಿದರೆ ದುಡ್ಡು. ಇಲಿ ಅಗ್ಗ. ಈ ಒಂದು ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ನನಗೆ ಹಿಡಿಸಿತು. ಆವರೆಗೆ ಕೇಳಿದ್ದರಲ್ಲಿ ನಿಜವಾದ ಕಾರಣ ಅದೊಂದೇ.

ಭಾರತದ ನಿಯಮದಲ್ಲಿ ನಾಲ್ಕನೆಯದೂ ಒಂದಿದೆ: ಪ್ರಯೋಗ ಮುಗಿದ ಮೇಲೆ ಪ್ರಾಣಿಗೆ ಪುನರ್ವಸತಿ. ಬೆಂಗಳೂರಿನ ಪ್ರಾಣಿದಯಾ ಸಂಸ್ಥೆ ಕ್ಯೂಪಾ ಲ್ಯಾಬಿನಿಂದ ಬಂದ ಬೀಗಲ್ ನಾಯಿಗಳಿಗೆ ಮನೆ ಹುಡುಕಿಕೊಟ್ಟಿದ್ದು ಪೇಪರಿನಲ್ಲೂ ಬಂದಿತ್ತು. ಜನ ಮುಂದೆ ಬಂದು ಸಾಕಿಕೊಂಡರು. ಇಲಿಯನ್ನು ಯಾರು ಕೇಳುತ್ತಾರೆ? ನಾನೂ ಕೇಳಲಿಲ್ಲ.

ಅರ್ಜಿ ವಾಪಸ್ ಹೋಯಿತು. ಮುಂದಿನ ಸಭೆಗೆ ಹುಡುಗಿ ಜೀವಕೋಶದ ಫಲಿತಾಂಶ ಹಿಡಿದು ಬಂದಳು. ಈ ಸಲ ನಾಲ್ಕು ಗುಂಪು, 24 ಇಲಿ, ಯಾಕೆ ಅಷ್ಟು ಅನ್ನುವುದಕ್ಕೆ ಒಂದು ಪುಟ ಲೆಕ್ಕ. ಆರರ ಬಗ್ಗೆ ಕೇಳಿದ್ದಕ್ಕೆ ಈಗ ತಡವರಿಸದೆ ಉತ್ತರ ಕೊಟ್ಟಳು. ಎಲ್ಲರೂ ಸಹಿ ಹಾಕಿದರು, ನಾನೂ ಹಾಕಿದೆ. ಮಿಕ್ಕ 12 ಬದುಕಿಕೊಂಡವು ಅಂತೇನಲ್ಲ. ಅವನ್ನು ತರಿಸಲಿಲ್ಲ ಅಷ್ಟೇ.

ಮುಂದಿನ ಅರ್ಜಿ ಮೆಂತ್ಯದ್ದು, ಡಯಾಬಿಟಿಸ್‌ಗೆ. ಮೆಂತ್ಯದ ಮೇಲೆ ಏನೇನು ಪೇಪರ್ ಬಂದಿವೆ ಅಂತ ಈ ಸಲ ಪ್ರಿಂಟ್ ತೆಗೆದುಕೊಂಡೇ ಹೋಗಿದ್ದೆ.