ರಿದಂ ಪ್ಯಾಡಿಗೆ ತಮಟೆಯ ಸದ್ದು ತುಂಬಿಸಿದ ಬಗೆ

ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ರಿದಂ ಪ್ಯಾಡ್ ನುಡಿಸುತ್ತೇನೆ; ಕೋಲಿನಿಂದ ತಟ್ಟಿದರೆ ಒಳಗೆ ತುಂಬಿಸಿಟ್ಟ ಸದ್ದನ್ನು ಹೊರಡಿಸುವ ಎಲೆಕ್ಟ್ರಾನಿಕ್ ವಾದ್ಯ ಅದು. ಗಣೇಶನ ಹಬ್ಬದ ಸೀಸನ್ನಿನಲ್ಲಿ ಕೋಲಾರ, ಚಿಂತಾಮಣಿ ಕಡೆಯ ವೇದಿಕೆಗಳಲ್ಲಿ ತಮಟೆಯ ಬಡಿತವಿರುವ ಹಾಡನ್ನು ಕೇಳದೆ ಜನ ನಮ್ಮನ್ನು ಕೆಳಗಿಳಿಯಲು ಬಿಡುವುದಿಲ್ಲ. ಆ ಹಾಡು ಬಂದಾಗಲೆಲ್ಲ ನನಗೆ ಮುಜುಗರವಾಗುತ್ತಿತ್ತು. ದುಡ್ಡು ಕೊಟ್ಟು ಇಳಿಸಿಕೊಂಡಿದ್ದ ಒಂದು ಸ್ಯಾಂಪಲ್ (ಮುದ್ರಿಸಿಟ್ಟ ಬಿಡಿ ಸದ್ದುಗಳ) ಸಂಗ್ರಹದಲ್ಲಿ ತಮಟೆಯೆಂದು ಹೆಸರಿಟ್ಟಿದ್ದ ಫೈಲಿನಲ್ಲಿದ್ದದ್ದು ಯಾವುದೋ ದೊಡ್ಡ ಡೋಲಿನ ಸದ್ದು. ಅದರ ಮೇಲೆ ಗುಹೆಯೊಳಗೆ ಬಾರಿಸಿದಂತಹ ಪ್ರತಿಧ್ವನಿಯನ್ನೂ ಸುರಿದಿದ್ದರು. ಊರಹಬ್ಬದ ಮೆರವಣಿಗೆಯಲ್ಲಿ ತಮಟೆಯ ಮುಂದೆ ಕುಣಿದೇ ಬೆಳೆದ ಹುಡುಗರ ಎದುರಿಗೆ ಅದನ್ನು ಬಾರಿಸಿದರೆ ಕಾಲು ಏಳುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂದಿತ್ತು. ಅಂಥ ವಾದ್ಯದ ಒಂದು ನೆಟ್ಟಗಿನ ಏಟು ನನ್ನ ಯಂತ್ರದಲ್ಲಿ ಇರಲಿಲ್ಲ. ಹಾಗಾಗಿ ಸದ್ದನ್ನು ನಾನೇ ಹಿಡಿದು ತುಂಬಿಸಬೇಕೆಂದು ಹೊರಟೆ.

ನನ್ನ ಬಳಿ ಇರುವುದು ರೋಲಂಡ್ ಎಸ್‌ಪಿಡಿ-ಎಸ್‌ಎಕ್ಸ್. ಇದರಲ್ಲಿ ಒಂಬತ್ತು ಪ್ಯಾಡುಗಳಿದ್ದು, ಒಂದೊಂದು ಪ್ಯಾಡಿಗೂ ಎರಡು ಸದ್ದುಗಳನ್ನು ಜೋಡಿಸಬಹುದು. ಫೈಲುಗಳು 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲಿರಬೇಕು, ಅಂದರೆ ಸದ್ದನ್ನು ಸೆಕೆಂಡಿಗೆ 44,100 ಬಿಂದುಗಳಲ್ಲಿ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್, ಅಂದರೆ ಎರಡು ಬೈಟ್ ಜಾಗದಲ್ಲಿ ಬರೆದಿರಬೇಕು. ಈ ಗುಣಮಟ್ಟದಲ್ಲಿ ಒಂದು ಸೆಕೆಂಡಿನ ಮೋನೋ (ಒಂದೇ ವಾಹಿನಿಯ) ಸದ್ದಿಗೆ 88,200 ಬೈಟ್ ಜಾಗ ಸಾಕು, ಇಂದಿನ ಲೆಕ್ಕದಲ್ಲಿ ಅದು ಏನೇನೂ ಅಲ್ಲ. ಆದರೆ ನಿಜವಾದ ಡ್ರಮ್ಮಿನ ಸದ್ದನ್ನು ಹಿಡಿದಿಟ್ಟು ನುಡಿಸಿದ ಮೊದಲ ಡ್ರಮ್ ಯಂತ್ರವಾದ ಲಿನ್ ಎಲ್‌ಎಂ-1 ಬಂದ 1980ರಲ್ಲಿ ಮೆಮೊರಿ ಎಷ್ಟು ದುಬಾರಿಯಾಗಿತ್ತೆಂದರೆ, ದೀರ್ಘವಾಗಿ ಮೊಳಗುವ ಸಿಂಬಲ್ಲಿನ (ಕಂಚಿನ ತಟ್ಟೆಯ) ಸದ್ದನ್ನು ಅದನ್ನು ರೂಪಿಸಿದ ರೋಜರ್ ಲಿನ್ ಅದರಲ್ಲಿ ಸೇರಿಸಲೇ ಇಲ್ಲ. ತಮಟೆಯಾಗಿದ್ದರೆ ಆ ಯಂತ್ರದಲ್ಲೂ ಹಿಡಿಸುತ್ತಿತ್ತೇನೋ. ಅದರ ಏಟು ಅಷ್ಟು ಬೇಗ ಮುಗಿದುಹೋಗುತ್ತದೆ.

ಪರಿಚಯದವರೊಬ್ಬರ ಮೂಲಕ ಕೋಲಾರದ ಹತ್ತಿರದ ಹಳ್ಳಿಯ ಹಿರಿಯ ತಮಟೆ ವಾದಕರೊಬ್ಬರು ಒಪ್ಪಿದರು. ಮೆರವಣಿಗೆಯೊಂದಕ್ಕೆ ಅವರು ತೆಗೆದುಕೊಳ್ಳುವಷ್ಟೇ ಹಣಕ್ಕೆ ಮಾತಾಯಿತು. ಈ ಸದ್ದನ್ನು ನನ್ನ ವೇದಿಕೆಯಲ್ಲಿ ಬಳಸುತ್ತೇನೆಯೇ ಹೊರತು ಯಾರಿಗೂ ಮಾರುವುದಿಲ್ಲವೆಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, "ಇದೆಲ್ಲಾ ಯಾಕೆ ಸಾರ್" ಎಂದರು. ಬೇಕಾಗುತ್ತದೆ ಎಂಬುದು ಈಗಲೂ ನನ್ನ ಅಭಿಪ್ರಾಯ.

ಎಲ್ಲಿ ಧ್ವನಿಮುದ್ರಣ ಮಾಡುವುದೆಂಬುದು ಮೊದಲ ತೊಡಕಾಯಿತು. ಅವರ ಮನೆಯ ಟೈಲ್ಸ್ ಹಾಕಿದ ಕೋಣೆಯಲ್ಲಿ ಒಂದು ಏಟು ಬಿದ್ದರೆ ಗೋಡೆಗಳು ಹತ್ತು ಏಟು ಹಿಂದಿರುಗಿಸುತ್ತಿದ್ದವು. ಹೊಲದ ಬಯಲಿನಲ್ಲಿ ಪ್ರತಿಧ್ವನಿ ಇರಲಿಲ್ಲ, ಆದರೆ ಗಾಳಿ, ಜೀರುಂಡೆ ಮತ್ತು ದೂರದ ರಸ್ತೆಯ ಬಸ್ಸಿನ ಹಾರ್ನು ಇದ್ದವು. ಕೊನೆಗೆ ಒದಗಿ ಬಂದದ್ದು ಪಕ್ಕದ ಮನೆಯವರ ರೇಷ್ಮೆ ಹುಳುಮನೆ. ಒಂದು ಬೆಳೆ ಮುಗಿದು ಮುಂದಿನದಕ್ಕೆ ಇನ್ನೂ ಚಾಕಿ (ಎಳೆಯ ಹುಳು) ತಂದಿರಲಿಲ್ಲವಾದ್ದರಿಂದ ಮನೆ ಖಾಲಿಯಿತ್ತು, ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಯುದ್ದಕ್ಕೂ ಒರಗಿಸಿ ನಿಲ್ಲಿಸಿದ್ದರು. ಸುರುಳಿ ಸುರುಳಿಯಾಗಿ ಹೆಣೆದ ಆ ಬಿದಿರು ಸದ್ದನ್ನು ನೇರವಾಗಿ ಹಿಂದಿರುಗಿಸದೆ ಚದುರಿಸಿಬಿಡುತ್ತದೆ. ಸ್ಟುಡಿಯೋಗಳಲ್ಲಿ ಸಾವಿರಾರು ರೂಪಾಯಿ ಸುರಿದು ಮಾಡಿಸುವ ಗೋಡೆಯ ಕೆಲಸವನ್ನು ಇಲ್ಲಿ ಚಂದ್ರಿಕೆಗಳೇ ಮಾಡಿದವು. ಎರಡು ಕಂಬಳಿಗಳನ್ನು ಬಾಗಿಲಿಗೆ ಇಳಿಬಿಟ್ಟ ಮೇಲೆ ಕೋಣೆ ಸಾಕಷ್ಟು ಒಣದಾಗಿ, ಅಂದರೆ ಪ್ರತಿಧ್ವನಿಯಿಲ್ಲದೆ, ಕೇಳತೊಡಗಿತು.

ತಮಟೆ ವಾದಕರು, ನಾನು ಯಜಮಾನರೆಂದೇ ಕರೆಯುವವರು, ಹೊರಗೆ ತೆಂಗಿನ ಗರಿಗೆ ಬೆಂಕಿ ಹಚ್ಚಿ ತಮಟೆಯನ್ನು ಕಾಯಿಸಿದರು. ಚರ್ಮವನ್ನು ಉರಿಗೆ ತೋರಿಸುತ್ತ, ತಮಟೆಯ ಬಳೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ನಡುನಡುವೆ ಬೆರಳಿನಿಂದ ಮಿಡಿದು ನೋಡುತ್ತ, ಮಂಕಾದ 'ದಬ್' ಹೋಗಿ 'ಟಣ್' ಎಂದಾಗ ಒಳಗೆ ಬಂದರು. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ತೆಳ್ಳನೆಯ ಉದ್ದ ಬಿದಿರು ಕಡ್ಡಿ. ಚರ್ಮದಿಂದ ಒಂದು ಗೇಣು ದೂರದಲ್ಲಿ ಶೂರ್ ಎಸ್‌ಎಂ57 ಮೈಕನ್ನೂ, ಅದಕ್ಕಿಂತ ಸುಮಾರು 140 ಸೆಂಟಿಮೀಟರ್ ಹಿಂದೆ ಒಂದು ಕಂಡೆನ್ಸರ್ ಮೈಕನ್ನೂ ನಿಲ್ಲಿಸಿದ್ದೆ. ವಾದಕರು ಹುರುಪಿಗೆ ಬಂದರೆ ಪರೀಕ್ಷೆಗೆಂದು ಬಾರಿಸಿದ್ದಕ್ಕಿಂತ ಹೆಚ್ಚು ಜೋರಾಗಿ ಬಾರಿಸುತ್ತಾರೆಂಬುದು ಗೊತ್ತಿದ್ದುದರಿಂದ, ಅತಿ ಜೋರಿನ ಏಟೂ ಸೊನ್ನೆಗಿಂತ (ಅದನ್ನು ಮೀರಿದರೆ ಸದ್ದು ಒಡೆಯುತ್ತದೆ) ಹತ್ತು ಡೆಸಿಬೆಲ್ ಕೆಳಗೇ ಉಳಿಯುವಂತೆ ಮಟ್ಟವನ್ನು ಇಳಿಸಿ, 24 ಬಿಟ್‌ನಲ್ಲಿ ಮುದ್ರಿಸಿದೆ.

ನನ್ನ ಬಳಿ ಒಂದು ಪಟ್ಟಿಯಿತ್ತು: ದಪ್ಪ ಕೋಲಿನಿಂದ ನಡುವಿಗೆ, ದಪ್ಪ ಕೋಲಿನಿಂದ ಅಂಚಿಗೆ, ಕಡ್ಡಿಯೊಂದರಿಂದಲೇ, ತಮಟೆ ಹಿಡಿದ ಕೈಯ ಬೆರಳಿನಿಂದ ಚರ್ಮವನ್ನು ಒತ್ತಿ ಹಿಡಿದು, ಒಂದೊಂದನ್ನೂ ಐದು ಮಟ್ಟದ ಜೋರಿನಲ್ಲಿ, ಒಂದೊಂದು ಮಟ್ಟದಲ್ಲೂ ಆರು ಸಲ. ಒಟ್ಟು 120 ಏಟು. ಒಂದು ಏಟಿನ ಸದ್ದು ಪೂರ್ತಿ ಅಡಗಿದ ಮೇಲೆ ಇನ್ನೊಂದು ಬಾರಿಸಬೇಕೆಂದು ಅವರಿಗೆ ಹೇಳಿದೆ. ಅವರು ಹಾಗೆಯೇ ಮಾಡಿದರು, ಆದರೆ ಮುಖ ಸಪ್ಪಗಾಗಿತ್ತು. ರಾತ್ರಿ ಮನೆಗೆ ಬಂದು ಕೇಳಿದರೆ ಸದ್ದೂ ಸಪ್ಪಗೇ ಇತ್ತು. ಜೋರಿನ ಏಟುಗಳು ಪರವಾಗಿಲ್ಲ. ಮೆದು ಏಟುಗಳು ಮಾತ್ರ ಅಂಜಿ ಅಂಜಿ ಬಾಗಿಲು ತಟ್ಟಿದ ಹಾಗೆ ಕೇಳುತ್ತಿದ್ದವು. ನಡೆಯೊಂದರ, ಅಂದರೆ ಸತತವಾಗಿ ಬಾರಿಸುವ ಲಯದ, ಒಳಗೆ ಬರುವ ಮೆದು ಏಟಿಗೆ ಮಣಿಕಟ್ಟಿನ ಬೀಸು ಹಿಂದಿನ ಏಟಿನಿಂದ ದೊರೆತಿರುತ್ತದೆ. ಅದು ಸಣ್ಣದಾಗಿದ್ದರೂ ಗಟ್ಟಿಯಾಗಿರುತ್ತದೆ. ಒಂಟಿಯಾಗಿ ಬಾರಿಸೆಂದರೆ ಆ ಬೀಸು ಎಲ್ಲಿಂದ ಬರಬೇಕು?

ಮುಂದಿನ ವಾರ ಮತ್ತೆ ಹೋಗಿ, ಪಟ್ಟಿಯನ್ನು ಚೀಲದಲ್ಲೇ ಬಿಟ್ಟು, "ಯಜಮಾನ್ರೇ, ನಿಮಗೆ ಬೇಕಾದ ನಡೆಯನ್ನು ನಿಧಾನಕ್ಕೆ ಬಾರಿಸಿ" ಎಂದೆ. ಮುಕ್ಕಾಲು ಗಂಟೆ ಬಾರಿಸಿದರು. ತಮಟೆಯ ಸದ್ದು ಬೇಗ ಅಡಗುವುದರಿಂದ, ವಿಳಂಬ ಗತಿಯ ನಡೆಯಿಂದ ಒಂದು ಏಟನ್ನು ಅದರ ಬಾಲದ (ಅಡಗುತ್ತ ಹೋಗುವ ಕೊನೆಯ ಸದ್ದಿನ) ಸಮೇತ ಕತ್ತರಿಸಿಕೊಳ್ಳಲು ಸಾಧ್ಯವಾಗುತ್ತದೆ. ಸಿಂಬಲ್ಲಿಗಾಗಲಿ ಡೊಳ್ಳಿಗಾಗಲಿ ಈ ಉಪಾಯ ನಡೆಯಲಾರದು. ಈಗ ನನ್ನ ಯಂತ್ರದಲ್ಲಿರುವ ಮೆದು ಏಟುಗಳೆಲ್ಲ ಹೀಗೆ ಹರಿವಿನ ನಡುವಿನಿಂದ ಎತ್ತಿಕೊಂಡವು.

ಕತ್ತರಿಸುವ ಕೆಲಸ ಬೇಸರದ್ದೇ ಆದರೂ ಅಸಡ್ಡೆ ಮಾಡುವಂತಿಲ್ಲ. ಏಟಿನ ಮೊದಲು ಐದು ಮಿಲಿಸೆಕೆಂಡಿನ ಮೌನ ಉಳಿದರೂ, ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 220 ಬಿಂದುಗಳಷ್ಟು ಖಾಲಿ ಜಾಗ ಉಳಿದರೂ, ನುಡಿಸುವವನ ಕೈಗೆ ಪ್ಯಾಡು ಸೋಮಾರಿಯಾಯಿತೆನ್ನಿಸುತ್ತದೆ. ಹಾಗೆಂದು ಪರದೆಯ ಮೇಲೆ ಕಾಣುವ ಸದ್ದಿನ ಅಲೆ ಮೇಲೇರಿದ ಜಾಗದಲ್ಲಿ ಕತ್ತರಿಸಿದರೆ 'ಟಿಕ್' ಎಂಬ ಕೃತಕ ಸದ್ದು ಸೇರಿಕೊಳ್ಳುತ್ತದೆ. ಅಲೆ ಸೊನ್ನೆಯ ಗೆರೆಯನ್ನು ದಾಟುವ ಬಿಂದುವನ್ನು ಹುಡುಕಿ ಅಲ್ಲಿಯೇ ಕತ್ತರಿಸಬೇಕು, ಬಾಲವನ್ನು ಇಳಿಜಾರಾಗಿ ಮುಗಿಸಬೇಕು. ಎರಡು ಮೈಕುಗಳ ವಿಷಯದಲ್ಲೂ ಹೀಗೆಯೇ ಎಡವಿದ್ದೆ: ಸದ್ದು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ ಹಿಂದಿನ ಮೈಕಿಗೆ ಏಟು ನಾಲ್ಕು ಮಿಲಿಸೆಕೆಂಡು ತಡವಾಗಿ ತಲುಪುತ್ತಿತ್ತು, ಎರಡನ್ನೂ ಬೆರೆಸಿದಾಗ 120 ಹರ್ಟ್ಸ್ ಆಸುಪಾಸಿನ ತುಂಬು ದನಿ ಪರಸ್ಪರ ಹೊಡೆದಾಡಿ ತೆಳುವಾಗುತ್ತಿತ್ತು. ಹಿಂದಿನ ಮೈಕಿನ ಅಲೆಯನ್ನು ಅಷ್ಟೇ ಮುಂದಕ್ಕೆ ಸರಿಸಿದ ಮೇಲೆ ತಮಟೆಗೆ ಹೊಟ್ಟೆ ಬಂತು.

ನಾರ್ಮಲೈಸ್ ಎಂಬ ಗುಂಡಿಯನ್ನು ಮಾತ್ರ ಮುಟ್ಟಬಾರದು. ಪ್ರತಿ ಫೈಲನ್ನೂ ಒಂದೇ ಜೋರಿಗೆ ಏರಿಸಿಬಿಟ್ಟರೆ ಮೆದು ಏಟಿಗೂ ಗಟ್ಟಿ ಏಟಿಗೂ ನಡುವೆ ವಾದಕ ಇಟ್ಟಿದ್ದ ಅಂತರವೇ ಅಳಿಸಿಹೋಗುತ್ತದೆ, ಆಮೇಲೆ ಆ ಅಂತರವನ್ನು ಯಂತ್ರದಲ್ಲಿ ಕಿವಿಯ ಅಂದಾಜಿನಿಂದ ಮತ್ತೆ ಕಟ್ಟಬೇಕಾಗುತ್ತದೆ. ನಾನು ಎಲ್ಲ ಫೈಲುಗಳನ್ನೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಏರಿಸಿ, 16 ಬಿಟ್‌ಗೆ ಬದಲಿಸಿದೆ.

ಪ್ಯಾಡೊಂದಕ್ಕೆ ಎರಡೇ ಸದ್ದು ಎಂಬ ಮಿತಿ ನಿಜವಾಗಿ ಕಾಡಿದ್ದು ಆಮೇಲೆ. ಜೋರಿಗೆ ತಕ್ಕಂತೆ ಸದ್ದು ಬದಲಾಗಬೇಕೆಂದರೆ ಸ್ವಿಚ್ ಕ್ರಮ, ಒಂದೇ ಸದ್ದು ಮತ್ತೆ ಮತ್ತೆ ಬಂದು ಹೊಲಿಗೆ ಯಂತ್ರದಂತೆ ಕೇಳಬಾರದೆಂದರೆ ಆಲ್ಟರ್ನೇಟ್ ಕ್ರಮ. ಒಂದು ಪ್ಯಾಡಿಗೆ ಎರಡೂ ಸಿಗುವುದಿಲ್ಲ. ದಪ್ಪ ಕೋಲಿನ ಏಟಿಗೆ ಮೊದಲನೆಯದನ್ನು ಕೊಟ್ಟೆ. ಕಡ್ಡಿಯ ಏಟು ಬಿಡುವಿಲ್ಲದೆ ಸುರಿಯುವಂಥದು, ಅದರಲ್ಲಿ ಜೋರಿನ ಏರಿಳಿತಕ್ಕಿಂತ ಏಟಿನಿಂದ ಏಟಿಗೆ ಇರುವ ಸಣ್ಣ ಬೇರೆತನ ಮುಖ್ಯ, ಹಾಗಾಗಿ ಅದಕ್ಕೆ ಎರಡನೆಯದು. ಬೆರಳಿನಿಂದ ಒತ್ತಿದ ಏಟನ್ನೂ ತೆರೆದ ಏಟನ್ನೂ ಒಂದೇ ಮ್ಯೂಟ್ ಗುಂಪಿಗೆ ಸೇರಿಸಿದ್ದರಿಂದ ಒಂದು ಇನ್ನೊಂದನ್ನು ತಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಸ್ಯಾಂಪ್ಲರ್ ತಂತ್ರಾಂಶ ಇಟ್ಟುಕೊಂಡರೆ ಏಟಿನ ಜೋರನ್ನು ತಿಳಿಸುವ 1ರಿಂದ 127ರವರೆಗಿನ ಮಿಡಿ ಮಟ್ಟಗಳನ್ನು ಹಂಚಿ ಎಲ್ಲ ಏಟುಗಳನ್ನೂ ಬಳಸಬಹುದೆಂಬುದು ನಿಜ, ಆದರೆ ಜನರೇಟರಿನ ಕರೆಂಟನ್ನು ನಂಬಿ ಹಳ್ಳಿಯ ವೇದಿಕೆಗೆ ಲ್ಯಾಪ್‌ಟಾಪ್ ಹತ್ತಿಸುವ ಧೈರ್ಯ ನನಗಿಲ್ಲ.

ಎಲ್ಲವನ್ನೂ ತುಂಬಿಸಿದ ಮೇಲೆ ಪ್ಯಾಡನ್ನೂ ಒಂದು ಸ್ಪೀಕರನ್ನೂ ಯಜಮಾನರ ಮನೆಗೇ ಒಯ್ದೆ. ನನ್ನ ಡ್ರಮ್ ಸ್ಟಿಕ್ಕನ್ನು ಬದಿಗಿಟ್ಟು ಅವರು ತಮ್ಮ ಕಡ್ಡಿಯಿಂದಲೇ ರಬ್ಬರನ್ನು ತಟ್ಟಿದರು. ಮೊದಲ ನಾಲ್ಕಾರು ತಟ್ಟುಗಳಿಗೆ ಸದ್ದೇ ಬರಲಿಲ್ಲ. ಹಗುರ ತಟ್ಟಿಗೂ ಪ್ಯಾಡು ಸ್ಪಂದಿಸಲೆಂದು ನಾನು ಥ್ರೆಶೋಲ್ಡ್ ಇಳಿಸಿ, ಸೆನ್ಸಿಟಿವಿಟಿ ಏರಿಸಿ ಕೊಟ್ಟೆ. ಒಂಬತ್ತು ಪ್ಯಾಡುಗಳನ್ನೂ ಒಂದು ಸುತ್ತು ತಟ್ಟಿ ನೋಡಿ, ಎರಡನೆಯ ಸುತ್ತಿನಲ್ಲಿ ಕೆಳಸಾಲಿನ ಎರಡು ಪ್ಯಾಡುಗಳ ಮೇಲೆ ಕಡ್ಡಿ ಇಟ್ಟು, "ಇವೆರಡೂ ತಮಟೆ ಆರಿಹೋಗಿದ್ದಾಗ ಬಾರಿಸಿದ್ದು ಸಾರ್, ಆಮೇಲಲ್ವಾ ನಾನು ಎದ್ದೋಗಿ ಮತ್ತೆ ಕಾಯಿಸ್ಕೊಂಡು ಬಂದಿದ್ದು" ಎಂದರು. ಲ್ಯಾಪ್‌ಟಾಪ್ ತೆರೆದು ಮೂಲ ಮುದ್ರಣದಲ್ಲಿ ಆ ಏಟುಗಳ ಸಮಯ ನೋಡಿದೆ. ಎರಡೂ 24ನೆಯ ನಿಮಿಷದಿಂದ ಕತ್ತರಿಸಿದವು. ಅವರು ಎದ್ದು ಹೊರಗೆ ಹೋದ ಸದ್ದು 26ನೆಯ ನಿಮಿಷದಲ್ಲಿತ್ತು. ಅವನ್ನು ಅಳಿಸಿ, 30ನೆಯ ನಿಮಿಷದ ಆಚೆಯಿಂದ ಬೇರೆ ಏಟುಗಳನ್ನು ಅಲ್ಲೇ ಜಗಲಿಯ ಮೇಲೆ ಕುಳಿತು ಕತ್ತರಿಸಿ ಹಾಕಿಕೊಂಡೆ.