ಪಾರ್ಸರ್‌ಗೆ ಊಹಿಸಲು ಬಿಟ್ಟರೆ ಏನಾಗುತ್ತದೆ

ಸಾಫ್ಟ್‌ವೇರ್‌ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಯಾಮಲ್ (YAML) ಫೈಲ್‌ನಲ್ಲಿ ಪಠ್ಯಕ್ಕೆ ಕೋಟ್ಸ್ ಹಾಕದಿದ್ದರೂ ನಡೆಯುತ್ತದೆ. ಬರೆಯುವಾಗ ಇದು ಅನುಕೂಲ, ಡೀಬಗ್ ಮಾಡುವಾಗ ತಲೆನೋವು. ದೇಶಗಳ ಕೋಡ್ ಪಟ್ಟಿಯಲ್ಲಿ ನಾರ್ವೆಯ ಎನ್-ಓ ಎಂಬ ಎರಡಕ್ಷರವನ್ನು ಪಾರ್ಸರ್ (ಫೈಲ್ ಓದಿ ಅರ್ಥ ಮಾಡಿಕೊಳ್ಳುವ ಪ್ರೋಗ್ರಾಂ) ‘ನೋ’ ಎಂದು ಓದಿ ಬೂಲಿಯನ್ ಫಾಲ್ಸ್, ಅಂದರೆ ‘ಅಲ್ಲ’ ಎಂಬ ಬೆಲೆ, ಮಾಡಿಬಿಡುತ್ತದೆ. ವರ್ಶನ್ 1.10 ಎಂದು ಬರೆದರೆ ಅದು ದಶಮಾಂಶ ಸಂಖ್ಯೆಯಾಗಿ 1.1 ಆಗುತ್ತದೆ. ಒಂದು ನೆಟ್‌ವರ್ಕ್ ಪೋರ್ಟನ್ನು ಇನ್ನೊಂದಕ್ಕೆ ಜೋಡಿಸುವ ಪೋರ್ಟ್ ಮ್ಯಾಪಿಂಗ್ 22:22 ಇನ್ನೂ ವಿಚಿತ್ರ: ಯಾಮಲ್ 1.1 ಅದನ್ನು ಅರವತ್ತರ ಲೆಕ್ಕದ ಸಂಖ್ಯೆ ಎಂದುಕೊಂಡು, 22×60+22 ಎಂದು ಕೂಡಿ 1342 ಕೊಡುತ್ತದೆ. ಅದೇ ಫೈಲಿನ 8080:80 ಮಾತ್ರ ಸ್ಟ್ರಿಂಗ್ (ಬರೀ ಪಠ್ಯ) ಆಗಿಯೇ ಉಳಿಯುತ್ತದೆ, ಏಕೆಂದರೆ ಕೋಲನ್ ನಂತರದ 80 ಅರವತ್ತನ್ನು ಮೀರಿದೆ. ಹಾಗಾಗಿ 8080:80ನ್ನಷ್ಟೇ ನೋಡುವ ಟೆಸ್ಟ್‌ನಲ್ಲಿ ತಪ್ಪು ಕಾಣುವುದೇ ಇಲ್ಲ.

2009ರ ಯಾಮಲ್ 1.2 ಈ ಅರವತ್ತರ ಲೆಕ್ಕವನ್ನೂ ‘ಯೆಸ್’, ‘ನೋ’ಗಳನ್ನೂ ಕೈಬಿಟ್ಟಿತು. ಆದರೆ ಪೈಥಾನ್‌ನ ಯಾಮಲ್ ಲೈಬ್ರರಿಯಾದ ಪೈಯಾಮಲ್ ಇಂದಿಗೂ 1.1ರ ನಿಯಮಗಳನ್ನೇ ಪಾಲಿಸುತ್ತದೆ. ಅಂದರೆ ಒಂದೇ ಫೈಲನ್ನು ಎರಡು ಲೈಬ್ರರಿಗಳು ಎರಡು ರೀತಿ ಓದಬಹುದು. ಕೋಡ್, ವರ್ಶನ್, ಪೋರ್ಟ್, ಸಮಯ, ಸೊನ್ನೆಯಿಂದ ಶುರುವಾಗುವ ಸಂಖ್ಯೆ, ಇವಕ್ಕೆಲ್ಲ ಕಣ್ಣು ಮುಚ್ಚಿ ಕೋಟ್ಸ್ ಹಾಕಿ. ಬಿಲ್ಡ್‌ನಲ್ಲಿ ಒಂದು ಹಂತ ಸೇರಿಸಿ: ಪ್ರೊಡಕ್ಷನ್‌ನಲ್ಲಿ ಬಳಸುವ ಪಾರ್ಸರ್‌ನಿಂದಲೇ ಫೈಲ್ ಓದಿಸಿ, ಜೇಸನ್ (JSON, ಡೇಟಾ ಬರೆಯುವ ಇನ್ನೊಂದು ರೂಪ) ಆಗಿ ಪ್ರಿಂಟ್ ಮಾಡಿ, ಯಾವ ಜಾಗದಲ್ಲಿ ಯಾವ ಬಗೆಯ ಬೆಲೆ ಇರಬೇಕೆಂದು ಹೇಳುವ ಸ್ಕೀಮಾ ಜತೆ ತಾಳೆ ನೋಡಿ.

ಟ್ಯಾಗ್‌ಗಳಲ್ಲಿ ಡೇಟಾ ಬರೆಯುವ ಎಕ್ಸ್‌ಎಂಎಲ್‌ನ (XML) ತೊಡಕು ಬೇರೆ ಥರದ್ದು. ದಾಖಲೆಯಲ್ಲಿ ಡೀಫಾಲ್ಟ್ ನೇಮ್‌ಸ್ಪೇಸ್ (ಹೆಸರುಗಳು ಯಾವ ಗುಂಪಿಗೆ ಸೇರಿವೆ ಎಂದು ಯುಆರ್‌ಐ ಎಂಬ ವಿಳಾಸದಿಂದ ಗುರುತಿಸುವುದು) ಇದ್ದು, ಎಕ್ಸ್‌ಎಂಎಲ್‌ನಲ್ಲಿ ಹುಡುಕುವ ಭಾಷೆಯಾದ ಎಕ್ಸ್‌ಪಾತ್ 1.0ರಲ್ಲಿ ಪ್ರಿಫಿಕ್ಸ್ (ಆ ಗುಂಪನ್ನು ಸೂಚಿಸುವ ಚಿಕ್ಕ ಹೆಸರು) ಇಲ್ಲದೆ ಎಲಿಮೆಂಟ್ ಹುಡುಕಿದರೆ ಖಾಲಿ ಉತ್ತರ ಬರುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಎಲಿಮೆಂಟ್ ಕಣ್ಣೆದುರೇ ಇರುತ್ತದೆ! ಕೋಡ್‌ನಲ್ಲಿ ನಿಮ್ಮದೇ ಪ್ರಿಫಿಕ್ಸ್ ಒಂದನ್ನು ಆ ಯುಆರ್‌ಐಗೆ ಜೋಡಿಸಿ, ಅದರ ಮೂಲಕ ಹುಡುಕಿ.

ಎಕ್ಸ್‌ಎಂಎಲ್‌ನ ಎಂಟಿಟಿಗಳಂತೂ (ಬೇರೊಂದು ಪಠ್ಯದ ಬದಲು ನಿಲ್ಲುವ ಚಿಕ್ಕ ಹೆಸರುಗಳು) ಹೆಚ್ಚಿನ ಕಡೆ ಬೇಕಾಗುವುದೇ ಇಲ್ಲ. ಒಂದೊಂದು ಎಂಟಿಟಿಯೂ ಹಿಂದಿನದನ್ನು ಹತ್ತು ಸಲ ಕರೆಯುವಂತೆ ಒಂಬತ್ತು ಹಂತ ಕಟ್ಟಿದರೆ, ಒಂದು ಕಿಲೋಬೈಟ್ ಆಸುಪಾಸಿನ ಫೈಲ್ ಮೆಮೊರಿಯಲ್ಲಿ 100 ಕೋಟಿ ಪ್ರತಿಗಳಾಗಿ ಉಬ್ಬುತ್ತದೆ. ಹೊರಗಿನಿಂದ ಬರುವ ಫೈಲ್‌ಗಳನ್ನು ಓದುವ ಪಾರ್ಸರ್‌ನಲ್ಲಿ, ಎಂಟಿಟಿಗಳನ್ನು ಘೋಷಿಸುವ ಭಾಗವಾದ ಡಿಟಿಡಿಯನ್ನೇ ನಿಷೇಧಿಸಿ.

ಜೇಸನ್ ಸರಳ ನಿಜ, ಆದರೆ ದೊಡ್ಡ ಐಡಿಗಳನ್ನು ಅಲ್ಲಿಯೂ ಸಂಖ್ಯೆಯಾಗಿ ಕಳಿಸಬೇಡಿ. 9007199254740993 ಎಂಬುದು ಜಾವಾಸ್ಕ್ರಿಪ್ಟ್‌ನಲ್ಲಿ ...992 ಆಗಿ ಇಳಿಯುತ್ತದೆ. ಸ್ಟ್ರಿಂಗ್ ಮಾಡಿದರೆ ಎರಡು ಕೋಟ್ಸ್‌ಗಳಷ್ಟೇ ಖರ್ಚು.